ಕಂಪನಿ ಕಾಲೇಜಿಗೆ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜು ಮತ್ತು ಉದ್ಯಮಗಳು ಕೈಜೋಡಿಸಿ ನಡೆಸುವ ಇ-ಕಲಿಕೆ, ತರಬೇತಿ, ಜ್ಞಾನ ವಿನಿಮಯದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಪದವಿ ಕಾಲೇಜು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಮಕ್ಕಳಿಗೆ ಆನ್‌ಲೈನ್ ಕೋರ್ಸ್ ಕೊಡುತ್ತೇವೆಂದು ಎರಡು ಪುಟದ ಒಡಂಬಡಿಕೆಯ ಕರಡು ಕಳಿಸಿದೆ. ಸಹಿ ಹಾಕುವ ಮೊದಲು ಏನೇನು ನೋಡಬೇಕು?
— ಪ್ರಾಂಶುಪಾಲರು, ಹಾವೇರಿ ಜಿಲ್ಲೆ

ಉತ್ತರ: ಇಂಥ ಎರಡು ಪುಟದ ಒಡಂಬಡಿಕೆ ಬಹುಮಟ್ಟಿಗೆ ಸದುದ್ದೇಶದ ಪತ್ರ. ಫೋಟೊ ತೆಗೆಸಿಕೊಂಡು ಕಪಾಟಿಗೆ ಸೇರುವ ಒಡಂಬಡಿಕೆಗಳಿಗೆ ಕಾರಣ ಒಂದೇ: ಯಾರು, ಯಾವಾಗ, ಏನು ಮಾಡಬೇಕೆಂದು ಅದರಲ್ಲಿ ಬರೆದಿರುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೇಳುವುದೂ ಚಾಲ್ತಿಯಲ್ಲಿರುವ ಒಡಂಬಡಿಕೆಯನ್ನೇ, ಬರೀ ಸಹಿಯನ್ನಲ್ಲ. ಹಾಗಾಗಿ ಅದರ ಜೊತೆಗೆ ಒಂದು ಕಾರ್ಯಯೋಜನೆಯನ್ನು ಲಗತ್ತಿಸಿ. ಮೊದಲ ವರ್ಷ ಒಂದೇ ಸೆಮಿಸ್ಟರ್, ಒಂದೇ ಪತ್ರಿಕೆ (ವಿಷಯ), 40ರಿಂದ 60 ವಿದ್ಯಾರ್ಥಿಗಳು ಸಾಕು. ಅದಕ್ಕಿಂತ ದೊಡ್ಡದಾಗಿ ಶುರುಮಾಡಿದರೆ ಲ್ಯಾಬ್ ಸಾಲುವುದಿಲ್ಲ, ಮೇಷ್ಟ್ರುಗಳ ಸಮಯವೂ ಸಾಲುವುದಿಲ್ಲ.

ಕಾರ್ಯಯೋಜನೆಯಲ್ಲಿ ಇರಲೇಬೇಕಾದವು ಇವು. ಎರಡೂ ಕಡೆಯಿಂದ ಒಬ್ಬೊಬ್ಬ ಹೊಣೆಗಾರರ ಹೆಸರು, ಅವರು ಬಿಟ್ಟುಹೋದರೆ ಬದಲಿ ಯಾರೆಂಬುದು. ಕಂಪನಿ ಕಡೆಯವರು ಆರು ತಿಂಗಳಲ್ಲಿ ಕೆಲಸ ಬದಲಿಸುವುದು ಸಾಮಾನ್ಯ; ಬಹಳಷ್ಟು ಕಾರ್ಯಕ್ರಮಗಳು ನಿಲ್ಲುವುದೇ ಅಲ್ಲಿ. ಯಾವ ಘಟಕವನ್ನು ಕಾಲೇಜಿನವರು ಪಾಠ ಮಾಡುತ್ತಾರೆ, ಯಾವುದು ಆನ್‌ಲೈನ್, ಪ್ರಶ್ನೆಪತ್ರಿಕೆ ತೆಗೆಯುವವರು ಯಾರು, ಮೌಲ್ಯಮಾಪನ ಯಾರದು? ಪಾಠ ಕಾಲೇಜಿನ ತಾಣದಲ್ಲಿರುತ್ತದೋ ಕಂಪನಿಯದರಲ್ಲೋ? ಕಂಪನಿಯದಾದರೆ, ಒಪ್ಪಂದ ಮುಗಿದ ಮೇಲೆ ವಿದ್ಯಾರ್ಥಿಗಳ ಅಂಕ ಮತ್ತು ಹಾಜರಿಯನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ 30 ದಿನದೊಳಗೆ ಕೊಟ್ಟು, ತಮ್ಮಲ್ಲಿರುವ ಪ್ರತಿಯನ್ನು ಅಳಿಸಬೇಕೆಂಬ ಷರತ್ತು ಹಾಕಿ.

ವಿದ್ಯಾರ್ಥಿಗಳ ಫೋನ್ ನಂಬರನ್ನು ಪಟ್ಟಿಮಾಡಿ ಕಂಪನಿಗೆ ಕಳಿಸಬೇಡಿ. ಪದವಿ ಮೊದಲ ವರ್ಷದ ಕೆಲವರಿಗೆ 18 ತುಂಬಿರುವುದಿಲ್ಲ. ಅಂಥವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಉಳಿದವರದೂ ಅವರವರ ಒಪ್ಪಿಗೆ ಪಡೆದೇ ಹೋಗಬೇಕು. ಯಾವ ಕೆಲಸಕ್ಕೆಂದು ಪಡೆದ ಮಾಹಿತಿಯೋ ಅದಕ್ಕಷ್ಟೇ ಬಳಕೆ ಎಂಬ ಸಾಲು ಕರಡಿನಲ್ಲಿ ಇಲ್ಲದಿದ್ದರೆ ಸೇರಿಸಿ.

ಇನ್ನೊಂದು ಮಾತು. ನಿಮ್ಮದು ಸಂಯೋಜಿತ ಕಾಲೇಜಾದರೆ ಈ ಕೋರ್ಸಿಗೆ ನೀವೇ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಅಂಕ) ಕೊಡಲು ಬರುವುದಿಲ್ಲ, ವಿಶ್ವವಿದ್ಯಾಲಯ ಒಪ್ಪಬೇಕು. ಸ್ವಾಯತ್ತ ಕಾಲೇಜಾದರೆ ಅಧ್ಯಯನ ಮಂಡಳಿಯ ಮುಂದಿಟ್ಟು ವಿದ್ಯಾವಿಷಯಕ ಪರಿಷತ್ತಿನ ಅನುಮೋದನೆ ಪಡೆಯಿರಿ. ಈ ಕೆಲಸ ಸೆಮಿಸ್ಟರ್ ಶುರುವಾಗುವ ಮೂರ್ನಾಲ್ಕು ತಿಂಗಳು ಮೊದಲೇ ಆಗಬೇಕು. ಕ್ರೆಡಿಟ್ ಇಲ್ಲದ ಕೋರ್ಸಿಗೆ ಮೊದಲ ವಾರ ತರಗತಿ ತುಂಬಿರುತ್ತದೆ, ಆಂತರಿಕ ಪರೀಕ್ಷೆ ಹತ್ತಿರ ಬಂತೆಂದರೆ ಖಾಲಿ.

ಪ್ರಶ್ನೆ: ಕಂಪನಿಯ ಸ್ಟುಡಿಯೊದಲ್ಲಿ ನನ್ನ 20 ಪಾಠಗಳನ್ನು ಚಿತ್ರೀಕರಿಸುತ್ತಾರಂತೆ. ನಾಳೆ ಅವನ್ನು ಅವರು ಬೇರೆಡೆ ಮಾರಿದರೆ ನನಗೆ ಹಕ್ಕಿದೆಯೇ?
— ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಬರವಣಿಗೆಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ನೌಕರಿಯ ಭಾಗವಾಗಿ ರಚಿಸಿದ ಕೃತಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಒಡೆತನ ಉದ್ಯೋಗದಾತರದು. ವಿಡಿಯೊದ ಮಟ್ಟಿಗೆ ಅದನ್ನು ನಿರ್ಮಿಸಿದವರೇ ಕರ್ತೃ. ಹೀಗಾಗಿ ಕಾಲೇಜು, ಕಂಪನಿ, ನೀವು, ಮೂವರೂ ಹಕ್ಕು ಕೇಳುವ ಪರಿಸ್ಥಿತಿ ಬರಬಹುದು. ನಿಮ್ಮ ಪರವಾಗಿರುವ ಅಂಶವೂ ಇದೆ: ಉಪನ್ಯಾಸ ನೀಡುವವರನ್ನು ಕಾಯ್ದೆ ಪ್ರದರ್ಶಕರ (ನಟ, ಗಾಯಕರಂಥವರ) ಸಾಲಿಗೇ ಸೇರಿಸಿ ಅವರಿಗೆ ಪ್ರತ್ಯೇಕ ಹಕ್ಕು ಕೊಟ್ಟಿದೆ.

ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅನ್ವಯ. ಕರಡಿನಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಪದಗಳಿದ್ದರೆ ಈ ರಕ್ಷಣೆ ಹೋಯಿತೆಂದೇ ಅರ್ಥ. ಮಾರುವ ಬದಲು 3 ವರ್ಷದ ಪರವಾನಗಿ ಕೊಡಿ. ಪರದೆಯ ಮೇಲೆ ನಿಮ್ಮ ಹೆಸರು, ಸಿಲಬಸ್ ಬದಲಾದಾಗ ಪಾಠ ತೆಗೆಸುವ ಅಧಿಕಾರ, ನಿಮ್ಮ ಧ್ವನಿ ಮತ್ತು ಮುಖ ಬಳಸಿ ಕೃತಕ ವಿಡಿಯೊ ಮಾಡಬಾರದೆಂಬ ಷರತ್ತು, ಈ ಮೂರನ್ನು ಬಿಟ್ಟುಕೊಡಬೇಡಿ. ಸಂಭಾವನೆ ಮಾತಾಡುವಾಗ ಕ್ಯಾಮೆರಾ ಮುಂದಿನ ಸಮಯವನ್ನಷ್ಟೇ ಲೆಕ್ಕ ಹಾಕಬೇಡಿ. ಹತ್ತು ನಿಮಿಷದ ಪಾಠಕ್ಕೆ ಬರವಣಿಗೆ, ಸ್ಲೈಡು, ತಿದ್ದುಪಡಿ, ಪ್ರಶ್ನೆಗಳು ಸೇರಿ ಒಂದೂವರೆ ದಿನವಾದರೂ ಹಿಡಿಯುತ್ತದೆ.

ಪ್ರಶ್ನೆ: ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಕಲಿಕಾ ಯೋಜನೆ) ಕೋರ್ಸಿನಲ್ಲಿ ಒಟ್ಟು 45 ಅಂಕ ಬಂದಿದೆ, ಆದರೂ ಪ್ರಮಾಣಪತ್ರ ಸಿಕ್ಕಿಲ್ಲ. ಕಂಪನಿಗಳ ಉಚಿತ ಕೋರ್ಸ್ ಮಾಡಿದ್ದರೆ ಒಳ್ಳೆಯದಿತ್ತೇ?
— ಬಿ.ಇ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಅಸೈನ್‌ಮೆಂಟಿನಲ್ಲಿ ನಿಮಗೆ 25ಕ್ಕೆ 10 ಬಂದಿದೆಯೇ ನೋಡಿ. ಅಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30, ಎರಡೂ ಇರಬೇಕು. 8 ಮತ್ತು 37 ಸೇರಿ 45 ಆದರೂ ಪ್ರಮಾಣಪತ್ರ ಬರುವುದಿಲ್ಲ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳನ್ನು ಮಾತ್ರ ಗಣಿಸುತ್ತಾರೆ, ಅಂದರೆ ನಾಲ್ಕು ತಪ್ಪಿದರೂ ನಡೆಯುತ್ತದೆ. ಪರೀಕ್ಷೆ ಬಂದಾಗ ಓದಿದರಾಯಿತು ಎಂದು ವಾರವಾರದ ಕೆಲಸ ಬಿಟ್ಟವರು ಸಿಕ್ಕಿಬೀಳುವುದು ಇಲ್ಲೇ.

ಕಂಪನಿಗಳ ಕೋರ್ಸು ಕಲಿಕೆಗೆ, ಸಂದರ್ಶನಕ್ಕೆ ಉಪಯುಕ್ತ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಂಥ ತಾಣಗಳಲ್ಲಿ ಒಳ್ಳೆಯ ಪಾಠಗಳು ಉಚಿತವಾಗಿವೆ. ಆದರೆ ಕ್ರೆಡಿಟ್ ಪ್ರಶ್ನೆ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಎನ್‌ಪಿಟಿಇಎಲ್ ಕೋರ್ಸುಗಳೂ ಸಿಗುವ ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಿಂದ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಕಂಪನಿಯ ಪ್ರಮಾಣಪತ್ರಕ್ಕೆ ತಾನಾಗಿಯೇ ಆ ಮಾನ್ಯತೆ ಇಲ್ಲ. ಕೋರ್ಸಿಗೆ ನೋಂದಾಯಿಸುವ ಮೊದಲೇ ಕಾಲೇಜಿನ ಎನ್‌ಪಿಟಿಇಎಲ್ ಸಂಯೋಜಕರಿಂದ ಅದು ಯಾವ ಪತ್ರಿಕೆಗೆ ಸಮ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ಪ್ರಶ್ನೆ: ನಮ್ಮದು 40 ಜನರ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ). ಎಂಜಿನಿಯರಿಂಗ್ ಕಾಲೇಜಿನ ಜೊತೆ ಸೇರಿದರೆ ನಮಗೇನು ಲಾಭ? ನಮ್ಮ ಗುಟ್ಟು ಹೊರಹೋಗುವುದಿಲ್ಲವೇ?
— ಸಣ್ಣ ಉದ್ಯಮಿ, ಬೆಳಗಾವಿ

ಉತ್ತರ: ಸಹಭಾಗಿತ್ವ ಬೇಕೆಂದು ಹೋಗಬೇಡಿ, ಒಂದು ಸಮಸ್ಯೆ ಹಿಡಿದುಕೊಂಡು ಹೋಗಿ. ‘ಈ ಎರಕದಲ್ಲಿ ಗಾಳಿಗುಳ್ಳೆ ಬಂದು ಮಾಲು ತಿರಸ್ಕೃತವಾಗುತ್ತಿದೆ’ ಎಂದರೆ ಮೆಕ್ಯಾನಿಕಲ್ ವಿಭಾಗಕ್ಕೆ ಅದು ಒಳ್ಳೆಯ ಪ್ರಾಜೆಕ್ಟ್. ಒಬ್ಬ ಉಪನ್ಯಾಸಕರು, ಇಬ್ಬರು ವಿದ್ಯಾರ್ಥಿಗಳು, ಎಂಟು ವಾರ. ಪ್ರತಿ ಹೀಟ್‌ಗೂ (ಒಮ್ಮೆಗೆ ಕರಗಿಸುವ ಲೋಹಕ್ಕೂ) ಅಚ್ಚಿನ ಮರಳಿನ ತೇವಾಂಶ, ಮರಳಿನ ಮೂಲಕ ಗಾಳಿ ಹಾದುಹೋಗುವ ಪ್ರಮಾಣ, ಸುರಿಯುವ ತಾಪಮಾನ, ಹಾಳಾದ ಎರಕದ ಫೋಟೊ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದಿಡಿಸಿ. ಹಸಿ ಮರಳಿನಲ್ಲಿ ತೇವ ಸಾಮಾನ್ಯವಾಗಿ ಶೇ 3–4ರ ಆಸುಪಾಸು ಇರಬೇಕು. ಹೆಚ್ಚಿದರೆ ಆವಿ ಹೊರಹೋಗಲು ದಾರಿಯಿಲ್ಲದೆ ಲೋಹದೊಳಗೇ ಉಳಿಯುತ್ತದೆ. ಕಾರಣ ಗೊತ್ತಾದ ಮೇಲೆ ಅದನ್ನೇ ಮೂರು ನಿಮಿಷದ ವಿಡಿಯೊ ಮಾಡಿಸಿ, ನಿಮ್ಮ ಕೆಲಸಗಾರರ ಭಾಷೆಯಲ್ಲಿ, ಕನ್ನಡವೋ ಮರಾಠಿಯೋ, ನಿಮ್ಮದೇ ಶಾಪ್‌ಫ್ಲೋರಿನಲ್ಲಿ. ಹೊಸದಾಗಿ ಸೇರುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬ್ರಿಟನ್ನಿನಲ್ಲಿ 1975ರಿಂದ ನಡೆದುಬಂದಿರುವ ಯೋಜನೆಯೊಂದಿದೆ, ಈಗ ಅದಕ್ಕೆ ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್ ಎಂದು ಹೆಸರು. ಅಲ್ಲಿ ಒಬ್ಬ ಪದವೀಧರ 12ರಿಂದ 36 ತಿಂಗಳು ಕಂಪನಿಯಲ್ಲೇ ಕೂತು, ವಿಶ್ವವಿದ್ಯಾಲಯದ ಮಾರ್ಗದರ್ಶನದಲ್ಲಿ ಒಂದೇ ಸಮಸ್ಯೆಯ ಮೇಲೆ ಕೆಲಸ ಮಾಡುತ್ತಾನೆ. ಜ್ಞಾನ ಆ ಮನುಷ್ಯನ ಜೊತೆಗೇ ಬರುತ್ತದೆ. ಸಣ್ಣ ಉದ್ಯಮಕ್ಕೆ ಈ ಮಾದರಿಯೇ ಸರಿ.

ಗುಟ್ಟಿನ ವಿಷಯ: ಗೌಪ್ಯತಾ ಒಪ್ಪಂದಕ್ಕೆ ಉಪನ್ಯಾಸಕರ ಜೊತೆ ವಿದ್ಯಾರ್ಥಿಗಳೂ ಸಹಿ ಹಾಕಬೇಕು. ಹೊಸ ವಿಧಾನವೇನಾದರೂ ಹೊಳೆದರೆ ಪೇಟೆಂಟ್ ಅರ್ಜಿ ಹಾಕುವವರೆಗೂ ಪ್ರಾಜೆಕ್ಟ್ ವರದಿ ಗ್ರಂಥಾಲಯಕ್ಕೆ, ಸಮ್ಮೇಳನಕ್ಕೆ ಹೋಗಬಾರದು. ಒಮ್ಮೆ ಪ್ರಕಟವಾದರೆ ಅದು ಹೊಸದೆಂದು ಸಾಧಿಸುವುದು ಕಷ್ಟ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಲು ಅವಕಾಶವಿದೆ.

ಪ್ರಶ್ನೆ: 22 ವರ್ಷದ ಅನುಭವವಿರುವ ನಮ್ಮ ಎಂಜಿನಿಯರಿಗೆ ಪಿಎಚ್‌.ಡಿ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡಬಹುದೇ?
— ಎಚ್‌.ಆರ್. ವ್ಯವಸ್ಥಾಪಕರು, ತುಮಕೂರು

ಉತ್ತರ: ಮಾಡಬಹುದು. ಯುಜಿಸಿಯ 2022ರ ಮಾರ್ಗಸೂಚಿಯ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಕನಿಷ್ಠ 15 ವರ್ಷದ ಅನುಭವ ಸಾಕು, ಪದವಿಯ ಕಡ್ಡಾಯವಿಲ್ಲ. ಮಂಜೂರಾದ ಹುದ್ದೆಗಳ ಶೇ 10ನ್ನು ಮೀರುವಂತಿಲ್ಲ. ಅವಧಿ ಗರಿಷ್ಠ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು.

ಪ್ರಶ್ನೆ: ಕಂಪನಿ ಕೊಟ್ಟ ಸ್ಕಾರ್ಮ್ (ಇ-ಪಾಠಗಳನ್ನು ಕಟ್ಟಿಕೊಡುವ ಮಾನಕ) ಪ್ಯಾಕೇಜನ್ನು ನಮ್ಮ ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ಗೆ ಹಾಕಿದ್ದೇವೆ. ಅರ್ಧಕ್ಕೆ ನಿಲ್ಲಿಸಿದವರಿಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕನ್ನಡ ಅಕ್ಷರಗಳೂ ಚೆಲ್ಲಾಪಿಲ್ಲಿ.
— ಕಂಪ್ಯೂಟರ್ ವಿಭಾಗ, ದಾವಣಗೆರೆ

ಉತ್ತರ: ಮೊದಲು ಆ ಚಟುವಟಿಕೆಯ ಸೆಟ್ಟಿಂಗ್ಸಿನಲ್ಲಿ ‘ಫೋರ್ಸ್ ನ್ಯೂ ಅಟೆಂಪ್ಟ್’ ಎಂಬುದು ‘ಆಲ್ವೇಸ್’ ಎಂದಿದ್ದರೆ ‘ನೋ’ ಮಾಡಿ. ಅದು ಸರಿಯಿದ್ದೂ ತೊಂದರೆ ಉಳಿದರೆ ಪಾಠ ಉದ್ದವಾಗಿರಬೇಕು. ಸ್ಕಾರ್ಮ್ 1.2ರಲ್ಲಿ ಎಲ್ಲಿ ನಿಲ್ಲಿಸಿದರೆಂಬ ನೆನಪಿಗೆ ಇರುವ ಜಾಗ 4,096 ಅಕ್ಷರ ಮಾತ್ರ, ಅದು ತುಂಬಿದರೆ ಮುಂದಿನದು ಉಳಿಯುವುದಿಲ್ಲ. ಪ್ಯಾಕೇಜನ್ನು ಎರಡು ಮೂರು ತುಂಡು ಮಾಡಿಸಿ. ಇಲ್ಲವೇ ಅಡ್ಮಿನ್ ಸೆಟ್ಟಿಂಗಿನಲ್ಲಿ ಸ್ಕಾರ್ಮ್ 1.2ರ ಸ್ಟ್ಯಾಂಡರ್ಡ್ಸ್ ಮೋಡ್ ಆಫ್ ಮಾಡಿದರೆ ಹೆಚ್ಚು ಉಳಿಸಿಕೊಳ್ಳುತ್ತದೆ. ಪ್ಯಾಕೇಜು ಸ್ಕಾರ್ಮ್ 2004ರದಾದರೆ ಹಿಂದಿರುಗಿಸಿ 1.2ರಲ್ಲೇ ಕೇಳಿ, ಮೂಡಲ್ ಪೂರ್ತಿ ಒಪ್ಪುವುದು ಅದನ್ನೇ.

ಅಕ್ಷರ ಕೆಟ್ಟಿದ್ದರೆ ಬಹುಪಾಲು ಕಾರಣ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಮೂಲ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ, ಆಮೇಲೆ ಪ್ಯಾಕೇಜ್ ಮಾಡಬೇಕು. ವಿಡಿಯೊ ಅಡಿಬರಹದ ಕಡತಗಳನ್ನು ಯುಟಿಎಫ್-8 ಎಂಬ ಯೂನಿಕೋಡ್ ಮಾದರಿಯಲ್ಲೇ ಉಳಿಸಿ. ವಿಡಿಯೊ 480ಪಿ ಸಾಕು: ಹತ್ತು ನಿಮಿಷಕ್ಕೆ ಸುಮಾರು 40 ಎಂ.ಬಿ., 720ಪಿ ಆದರೆ 90ರ ಮೇಲೆ. ಹಳ್ಳಿಯಿಂದ ಬರುವ ವಿದ್ಯಾರ್ಥಿಯ ದಿನದ ಡೇಟಾ ಅದರಲ್ಲೇ ಮುಗಿಯಬಾರದು. ಕ್ಯಾಮೆರಾಕ್ಕೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಕಾಲರ್ ಮೈಕ್ ಕೊಳ್ಳಿ. ಚಿತ್ರ ಮಸುಕಾದರೂ ಪಾಠ ನೋಡುತ್ತಾರೆ, ಮಾತು ಕೇಳಿಸದಿದ್ದರೆ ನೋಡುವುದಿಲ್ಲ.