ಕಾದಂಬರಿಯ ಪಾತ್ರಗಳು ನಮ್ಮ ಮನೆಯವರೇ ಅನಿಸುವುದು ಸಹಜವೇ?

ಖಂಡಿತ ಸಹಜ. ಇಂತಹ ಏಕಮುಖ ನಂಟನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ‘ಪ್ಯಾರಾಸೋಷಿಯಲ್’ ಎಂದು ಕರೆದರು. ಅವರು ಬರೆದದ್ದು ಮುಖ್ಯವಾಗಿ ಟಿ.ವಿ., ರೇಡಿಯೊ ನಿರೂಪಕರ ಬಗ್ಗೆ. ಕಥಾಪಾತ್ರಗಳಿಗೆ ಆ ವಿಚಾರ ಆಮೇಲೆ ಹಬ್ಬಿತು. ನೆರೆಮನೆಯವರ ಮನಸ್ಸಿನೊಳಗೆ ನಮಗೆ ಪ್ರವೇಶವಿಲ್ಲ, ಪಾತ್ರದ ಮನಸ್ಸಿನೊಳಗೆ ಇದೆ. ಗುಟ್ಟು ಇರುವುದೇ ಅಲ್ಲಿ.

ತೀರ್ಥಹಳ್ಳಿ ಕಡೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರನ್ನು ಕೇಳಿ ನೋಡಿ. ಅದರಲ್ಲಿನ ಪಾತ್ರ ಗುತ್ತಿಯ ನಾಯಿ ಹುಲಿಯನನ್ನು ತುಂಗೆಯ ಪ್ರವಾಹ ಕೊಚ್ಚಿಕೊಂಡು ಹೋದದ್ದನ್ನು ತಮ್ಮ ಮನೆಯ ನಾಯಿಯನ್ನೇ ಕಳೆದುಕೊಂಡವರಂತೆ ಹೇಳುತ್ತಾರೆ. ಹೊಳೆ, ಕಾಡು, ಮಳೆ ಎಲ್ಲವೂ ಕಂಡದ್ದೇ ಆದ್ದರಿಂದ ಮಲೆನಾಡಿನವರಿಗೆ ಸಂಕಟ ಒಂದು ಹಿಡಿ ಹೆಚ್ಚು (ಬಯಲುಸೀಮೆಯವರು ಕ್ಷಮಿಸಲಿ). ಕಾಲ್ಪನಿಕವೆಂದು ತಿಳಿದೂ ಅಳುವುದು ದೌರ್ಬಲ್ಯವಲ್ಲ. ಮನೆಯವರೊಡನೆ ಮಾತೇ ಬೇಡವೆನಿಸಿದರೆ ಮಾತ್ರ ಯೋಚಿಸಬೇಕು.