‘ಚಿಕನ್ ಔಟ್’ ಎಂಬುದನ್ನು ಎಲ್ಲಿ ಬಳಸಬೇಕು? ಅದಕ್ಕೆ ಸಮಾನಾರ್ಥಕ ಪದಗಳು ಯಾವುವು?

ಮಾಡುತ್ತೇನೆಂದು ಹೊರಟ ಕೆಲಸದಿಂದ ಕೊನೆಯ ಗಳಿಗೆಯಲ್ಲಿ ಹೆದರಿ ಹಿಂದೆ ಸರಿಯುವುದನ್ನು ಇಂಗ್ಲಿಷಿನ ಆಡುಮಾತಿನಲ್ಲಿ ‘ಚಿಕನ್ ಔಟ್’ ಎನ್ನುತ್ತಾರೆ. ಇಲ್ಲಿ ‘ಚಿಕನ್’ ಎಂದರೆ ಪುಕ್ಕಲ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಗೆ ಧುಮುಕುತ್ತೇನೆಂದು ಪಂದ್ಯ ಕಟ್ಟಿ, ಅಂಗಿ ಬಿಚ್ಚಿ, ಏರಿಯ ಮೇಲೆ ನಿಂತು, ನೀರಿನ ಸೆಳೆತ ಕಂಡೊಡನೆ ‘ನಂಗೆ ನೆಗಡಿ ಕಣ್ಲಾ’ ಎಂದು ಅಂಗಿಯನ್ನು ಮತ್ತೆ ತೊಟ್ಟುಕೊಳ್ಳುವ ಹುಡುಗ ಮಾಡಿದ್ದು ಇದನ್ನೇ (ಅದು ಬುದ್ಧಿವಂತಿಕೆಯ ಕೆಲಸವೇ ಅನ್ನಿ). ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಮಂಡಿನೋವೆಂದು ನಂದಿಯ ಬಳಿಯಿಂದಲೇ ಇಳಿದು ಬಂದವರಿಗೆ ಈ ಮಾತು ಸಲ್ಲದು; ಹಿಂದೆ ಸರಿಯಲು ಅಂಜಿಕೆಯೇ ಕಾರಣವಾಗಿದ್ದರೆ ಮಾತ್ರ ಇದು ಸಲ್ಲುತ್ತದೆ.

ಹತ್ತಿರದ ಪದವೆಂದರೆ ‘ಬ್ಯಾಕ್ ಔಟ್’. ಅದರಲ್ಲಿ ಹೇಡಿಯೆಂಬ ಮೂದಲಿಕೆ ಇಲ್ಲವಾದ್ದರಿಂದ ಕರಾರು, ವ್ಯವಹಾರಗಳ ಮಾತಿಗೂ ಹೊಂದುತ್ತದೆ. ‘ಬಾಟಲ್ ಔಟ್’ ಬ್ರಿಟಿಷರ ಆಡುನುಡಿ. ‘ಗೆಟ್ ಕೋಲ್ಡ್ ಫೀಟ್’ ಎಂಬುದು ಅಳುಕು ಹುಟ್ಟಿತೆಂದಷ್ಟೇ ಹೇಳುತ್ತದೆ, ಹಿಂದೆ ಸರಿದದ್ದು ಖಚಿತವಲ್ಲ. ಕಚೇರಿಯ ಪತ್ರದಲ್ಲಾದರೆ ‘ವಿತ್‌ಡ್ರಾ’ ಎಂದು ಬರೆಯುವುದೇ ಮೇಲು.

ಯಾವುದರಿಂದ ಹಿಂಜರಿದದ್ದೆಂದು ಹೇಳಬೇಕಾದರೆ ಮುಂದೆ ‘ಆಫ್’ (ಒಂದೇ ‘ಎಫ್’ ಇರುವುದು) ಸೇರಿಸಿ, ಕ್ರಿಯಾಪದಕ್ಕೆ ‘ಇಂಗ್’ ಹಚ್ಚಬೇಕು: ‘ಹಿ ಚಿಕನ್ಡ್ ಔಟ್ ಆಫ್ ಜಂಪಿಂಗ್’.