ಮೊದಲ ಸಂಚಿಕೆಗೆ ಎರಡು ನಕ್ಷತ್ರ ಕೊಡುವ ಮುನ್ನ

‘ಡಿಸೆಂಡರ್’ ಎಂಬ ರೋಬೋಟ್ ಕಾಮಿಕ್ಸ್ ಸರಣಿಯ ಮೊದಲ ಸಂಚಿಕೆಗೆ ಎರಡೇ ನಕ್ಷತ್ರ ಕೊಟ್ಟು, ‘ಹೊಡೆದಾಟವಿಲ್ಲ, ಕಥೆ ನಿಂತಲ್ಲೇ ನಿಂತಿದೆ, ಬಣ್ಣವೂ ಮಾಸಲು’ ಎಂದು ಬರೆದಿದ್ದೀರಿ. ಇದೇ ಅಳತೆಗೋಲು ಹಿಡಿದು ನಾನೂ ಒಂದು ಕಾಲದಲ್ಲಿ ಒಳ್ಳೊಳ್ಳೆಯ ಸರಣಿಗಳನ್ನು ಕೈಬಿಟ್ಟಿದ್ದೇನೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಇನ್ನೊಮ್ಮೆ ತೆರೆಯಿರಿ. ಸಂಭಾಷಣೆಯ ಒಂದಕ್ಷರವನ್ನೂ ಓದದೆ ಚಿತ್ರಗಳನ್ನಷ್ಟೇ ನೋಡುತ್ತಾ ಕೊನೆಯ ಪುಟದವರೆಗೆ ಹೋಗಿ. ರೋಬೋಟ್ ಕಾಮಿಕ್ಸ್‌ಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಮನುಷ್ಯ ಪಾತ್ರವಾದರೆ ಹುಬ್ಬು ಗಂಟಿಕ್ಕಿಸಿ ಕೆಲಸ ಮುಗಿಸಬಹುದು. ಯಂತ್ರದ ಒಳಗುದಿ ತಲೆ ವಾಲಿದ ರೀತಿಯಲ್ಲಿ, ನಿಂತ ಜಾಗದಲ್ಲಿ, ಸುತ್ತ ಬಿಟ್ಟ ಖಾಲಿಯಲ್ಲಿ ಕಾಣಬೇಕು. ಮಕ್ಕಳ ಜೊತೆಗಾರನೆಂದು ತಯಾರಾದ, ಹುಡುಗನ ರೂಪದ ರೋಬೋಟ್ ಟಿಮ್-21, ಹತ್ತು ವರ್ಷಗಳ ನಂತರ ಎಚ್ಚರಗೊಂಡು, ಜೀವವಿಲ್ಲದ ಗಣಿ ವಸಾಹತಿನಲ್ಲಿ ತನ್ನ ಜೊತೆಗಿದ್ದ ಹುಡುಗ ಆಂಡಿಯನ್ನು ಹುಡುಕುವ ಭಾಗ ನೋಡಿ. ನೀವು ಮಾಸಲು ಎಂದದ್ದು ಚಿತ್ರಕಾರ ಡಸ್ಟಿನ್ ನ್ಯುಯೆನ್ ಅವರ ಜಲವರ್ಣ. ಕಾಗದದ ಬಿಳುಪನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟಿರುವುದರಿಂದಲೇ ಟಿಮ್ ಅಷ್ಟು ಒಂಟಿಯಾಗಿ ಕಾಣುವುದು. ಅದಕ್ಕೆ ಥಳಥಳಿಸುವ ಕಂಪ್ಯೂಟರ್ ಬಣ್ಣ ಹಚ್ಚಿದ್ದರೆ ಸತ್ತೇ ಹೋಗುತ್ತಿತ್ತು.

ಆಮೇಲೆ ಮಾತುಗಳೊಡನೆ ಓದಿ. ಯಂತ್ರ ಏನು ಮಾಡಬಲ್ಲದು, ಮನುಷ್ಯರು ಅದಕ್ಕೆ ಏಕೆ ಹೆದರುತ್ತಾರೆ, ಇವೆರಡು ಗೊತ್ತಾದರೆ ಆರಂಭಕ್ಕೆ ಸಾಕು. ಕಥೆಯಲ್ಲಿನ ಒಂಬತ್ತು ಗ್ರಹಗಳ ಚರಿತ್ರೆಯನ್ನೆಲ್ಲ ಮೊದಲ ಸಂಚಿಕೆಯಲ್ಲೇ ಬಡಿಸಿ ಎಂದು ಕೇಳುವುದು ಹಟ. ಹಾಗೆಂದು ಈ ಕಟ್ಟಳೆಯನ್ನು ಎಲ್ಲಕ್ಕೂ ಹೇರಬೇಡಿ. 1984ರ ಮಾರ್ವೆಲ್ ‘ಟ್ರಾನ್ಸ್‌ಫಾರ್ಮರ್ಸ್’ ಆಟಿಕೆಗಳ ಬೆನ್ನಿಗೆ ಹುಟ್ಟಿದ್ದು. ಅಲ್ಲಿ ಪಾತ್ರಗಳ ಜಾತ್ರೆ ಇದ್ದೇ ಇರುತ್ತದೆ. ನಾಲ್ಕೇ ಸಂಚಿಕೆಗೆಂದು ಹೊರಟದ್ದು 80ರವರೆಗೆ ನಡೆಯಿತು. ಮೊದಲ ಸಂಚಿಕೆಯ ಇಕ್ಕಟ್ಟನ್ನೇ ನೋಡಿ ಭವಿಷ್ಯ ಹೇಳಿದವರು ಖಂಡಿತ ಸೋಲುತ್ತಿದ್ದರು. ಇನ್ನು ಕಥೆಯೇ ಪೊಳ್ಳಾಗಿದ್ದು ಚಿತ್ರ ಮಾತ್ರ ಚೆನ್ನಾಗಿರುವ ಸಂಚಿಕೆಗಳಿಗೆ ನನ್ನ ಪರೀಕ್ಷೆ ಮೋಸ ಹೋಗುತ್ತದೆ, ಅದೂ ಗೊತ್ತಿರಲಿ.

ಮೊಬೈಲ್‌ನಲ್ಲಿ ಒಂದೊಂದೇ ಚೌಕಟ್ಟನ್ನು ಹಿಗ್ಗಿಸಿ ತೋರಿಸುವ ವಿಧಾನದಲ್ಲಿ ಓದಿದಿರಾ? ಹಾಗಿದ್ದರೆ ಆ ಎರಡು ನಕ್ಷತ್ರಗಳನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಆಕಾಶ ತುಂಬಿ ನಿಂತ ದೈತ್ಯ ರೋಬೋಟನ್ನು ಬೆರಳುದ್ದದ ತುಣುಕುಗಳಲ್ಲಿ ನೋಡಿ ‘ದೊಡ್ಡದೆನಿಸಲಿಲ್ಲ’ ಎಂದರೆ ಯಾರ ತಪ್ಪು? ಟ್ಯಾಬ್ಲೆಟ್ ಅಡ್ಡ ಹಿಡಿದು ಎದುರುಬದುರಿನ ಎರಡು ಪುಟಗಳನ್ನೂ ಒಟ್ಟಿಗೆ ನೋಡಿ. ಮುದ್ರಿತ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದೇ ಸಂಚಿಕೆಗೆ ಬರುವ ಬೇರೆ ಬೇರೆ ಮುಖಪುಟಗಳ ಹಿಂದೆ ಮಾತ್ರ ಓಡಬೇಡಿ. ಒಳಗಿನ ಪುಟಗಳು ಅವೇ, ಖರ್ಚು ಮಾತ್ರ ಹೆಚ್ಚು. ಇದರ ಪ್ರಕಾಶಕರಾದ ಇಮೇಜ್‌ನವರ ಪುಸ್ತಕಗಳ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಒಪ್ಪುತ್ತೇನೆ. ಆದರೂ ಬಿಡಿ ಸಂಚಿಕೆಗಳ ಬದಲು ಮೊದಲ ಆರನ್ನು ಸೇರಿಸಿದ ಸಂಪುಟ ತೆಗೆದುಕೊಳ್ಳಿ. ಮೊದಲ ಸಂಚಿಕೆ ಮುಗಿದ ಕಡೆ ಒಂದು ದಿನ ನಿಲ್ಲಿಸಿ, ಆಮೇಲೆ ಎರಡನೆಯದಕ್ಕೆ ಹೋಗಿ. ಒಂದೇ ಉಸಿರಿನಲ್ಲಿ ಆರನ್ನೂ ಓದಿದವರಿಗೆ ಮೊದಲನೆಯದು ಹೇಗಿತ್ತು ಎಂಬುದೇ ನೆನಪಿರುವುದಿಲ್ಲ.